ಕಿನುವೆಗೆ ಸಿಕ್ಕ ಅಮೆರಿಕ

ಆ ಕಾಲದ ಸಿನಿಮಾಗಳಲ್ಲಿ ಒಂದು ಪದ್ಧತಿಯಿತ್ತು. ಅಮೆರಿಕದ ಸಿಪಾಯಿ ಬರುತ್ತಾನೆ, ಜಪಾನಿನ ಹೆಣ್ಣೊಬ್ಬಳು ಮನಸ್ಸು ಕೊಡುತ್ತಾಳೆ, ಅಷ್ಟರಲ್ಲಿ ಅವನಿಗೆ ಊರಿಗೆ ಮರಳುವ ಆಜ್ಞೆ ಬರುತ್ತದೆ. ಹಡಗಿನ ಮೇಲೆ ಅವನು, ದಕ್ಕೆಯ ಮೇಲೆ ಅವಳು, ನಡುವೆ ಬಣ್ಣದ ಕಾಗದದ ಪಟ್ಟಿಗಳು. ಟಾಕೀಸಿನಲ್ಲಿ ಕೂತ ಹೆಂಗಸರು ಕಿಮೋನೋ ತೋಳಿನಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸಿಪಾಯಿ ಬಿಟ್ಟುಹೋದದ್ದರಿಂದ ಬಾಳು ಹಾಳಾದ ಹೆಣ್ಣುಗಳ ಕಥೆ ಹೇಳುವವರಿಗೆ ಬರವಿರಲಿಲ್ಲ. ಇತಾಮಿಯ ಮೊರಿಕಾವಾ ಕಿನುವೆಯ ಕಥೆಯನ್ನು ಮಾತ್ರ ಯಾರೂ ಸಿನಿಮಾ ಮಾಡಲಿಲ್ಲ. ಅವಳ ಸಿಪಾಯಿ ಹೋಗಲೇ ಇಲ್ಲ. ತೊಂದರೆಯೆಲ್ಲ ಅಲ್ಲಿಂದಲೇ ಶುರುವಾದದ್ದು.

ಇತಾಮಿಯೆಂದರೆ ಸಾಕೆ ಭಟ್ಟಿಗಳ ಊರು. ಅಕ್ಕಿಯಿಂದ ಮದ್ಯ ಬಸಿದುಕೊಂಡ ಮೇಲೆ ಉಳಿಯುವ ಬಿಳಿಯ ಗಸಿಯನ್ನು ಮೊರಿಕಾವಾ ಮನೆಯವರು ತಲೆತಲಾಂತರದಿಂದ ಕೊಂಡು ತರುತ್ತಿದ್ದರು. ಬೇಸಿಗೆಯ ಬಿಳಿ ಸೌತೆಯನ್ನು ಉಪ್ಪಿಗೆ ಹಾಕಿ, ಆ ಗಸಿಯಲ್ಲಿ ಹೂತು, ಪೀಪಾಯಿಯ ಮೇಲೆ ಕಲ್ಲು ಹೇರಿ ಇಡುತ್ತಿದ್ದರು. ಗಸಿ ಬದಲಾಯಿಸುತ್ತ ಬದಲಾಯಿಸುತ್ತ ಮೂರು ವರ್ಷ ಕಳೆದರೆ ಕಾಯಿ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಆ ಉಪ್ಪಿನಕಾಯಿಯನ್ನು ತಿಂದವರು ಹಾಡಿ ಹೊಗಳುತ್ತಾರೆ. ಅದನ್ನು ಮಾಡುವ ಮನೆಯಲ್ಲಿ ಹುಟ್ಟಿದವರ ಪಾಡು ಬೇರೆ. ಕಿನುವೆಯ ಕೂದಲಿಗೆ, ಹಾಸಿಗೆಗೆ, ಶಾಲೆಯ ಚೀಲಕ್ಕೆ ಎಲ್ಲಕ್ಕೂ ಗಸಿಯ ವಾಸನೆ. ಪಕ್ಕದಲ್ಲಿ ಕೂತ ಹುಡುಗಿಯರು, "ಏನೇ ಕಿನು, ಬೆಳಗ್ಗೆ ಬೆಳಗ್ಗೆನೇ ಏರಿಸ್ಕೊಂಡು ಬಂದ್ಯಾ?" ಎಂದು ಕೇಳಿ ನಗುತ್ತಿದ್ದರು. ನಿಂಬೆಯ ಸೋಪಿಗೆ ಅವಳು ಸುರಿದ ನೀರಿನಲ್ಲಿ ಒಂದು ಗದ್ದೆ ಬೆಳೆಯಬಹುದಿತ್ತು.

ಅಣ್ಣ ಯಾಸುಜಿ ಇದ್ದಿದ್ದರೆ ಅಂಗಡಿ ಅವನ ತಲೆಗೆ ಬರುತ್ತಿತ್ತು, ಅವಳು ಯಾವುದಾದರೂ ವಾಸನೆಯಿಲ್ಲದ ಮನೆಗೆ ಸೊಸೆಯಾಗಿ ಹೋಗುತ್ತಿದ್ದಳು. ಯಾಸುಜಿ ಯುದ್ಧದ ಕೊನೆಯ ವರ್ಷ ಲುಜೋನ್ ದ್ವೀಪದ ಕಾಡಿನಲ್ಲಿ ಅಮೆರಿಕದವರೊಡನೆ ಕಾದಾಡುತ್ತ ತೀರಿಕೊಂಡ. ತಾಯಿ ಆ ಕೊರಗಿನಲ್ಲೇ ಹೋದಳು. ಅಂದಿನಿಂದ ತಂದೆ ಕಾನ್ಸುಕೆ ಮಗಳನ್ನು ನೋಡುವ ರೀತಿಯೇ ಬದಲಾಯಿತು. ಅವಳು ಇನ್ನು ಹೊರಗೆ ಹೋಗುವವಳಲ್ಲ, ಮನೆಯಳಿಯನನ್ನು ಒಳಗೆ ತರುವವಳು.

ಗಂಡುಮಕ್ಕಳಿಲ್ಲದ ಮನೆಗೆ ಅಳಿಯ ಬಂದು, ಆ ಮನೆಯ ಹೆಸರನ್ನೇ ಇಟ್ಟುಕೊಂಡು, ಮಾವನನ್ನು ಅಪ್ಪ ಎನ್ನುತ್ತ ಅಂಗಡಿ ನಡೆಸುವುದು ನಮ್ಮ ಕಡೆ ಹೊಸದಲ್ಲ. ಆದರೆ ಆ ಪಟ್ಟಕ್ಕೆ ಯಾರೂ ಮುಗಿಬೀಳುವುದಿಲ್ಲ. ಮನೆಯಲ್ಲಿ ಮೂರು ಪಾವು ತೌಡಿದ್ದರೂ ಸಾಕು, ಮನೆಯಳಿಯನಾಗಬೇಡ ಎಂದು ಗಾದೆಯೇ ಇದೆ. ತೌಡೂ ಇಲ್ಲದ ಕೆಲವರು ಬಂದರು. ಕಾನ್ಸುಕೆ ಅವರ ಮುಂದೆ ಒಂದು ತಟ್ಟೆ ಉಪ್ಪಿನಕಾಯಿ ಇಟ್ಟು ಮುಖ ನೋಡುತ್ತ ಕೂರುತ್ತಿದ್ದ. ಒಬ್ಬ ಅರ್ಧ ಹೋಳು ತಟ್ಟೆಯಲ್ಲೇ ಬಿಟ್ಟ. ಪೀಪಾಯಿ ಮಾಡುವವರ ಎರಡನೆಯ ಮಗ ಗಸಿಗೆ ಕೈ ಹಾಕುವ ಮೊದಲು ಕೈಗವಸು ಇದೆಯೇ ಎಂದು ವಿಚಾರಿಸಿದ. ಕಾನ್ಸುಕೆ ಇಬ್ಬರನ್ನೂ ಚಹಾ ಕೊಟ್ಟು ಸಾಗಹಾಕಿದ. ಪಕ್ಕದ ಮನೆಯಲ್ಲಿದ್ದ ಅವನ ವಿಧವೆ ಅಕ್ಕ ಇಸೊ, "ಹೀಗೆ ಜರಡಿ ಹಿಡೀತಾ ಕೂತ್ರೆ ಹುಡುಗೀನೂ ಮೂರು ವರ್ಷದ ಕಾಯಿ ಆಗ್ತಾಳೆ ನೋಡ್ಕೋ" ಎಂದು ಎಚ್ಚರಿಸುತ್ತಲೇ ಇದ್ದಳು.

ಕಿನುವೆ ಇದನ್ನೆಲ್ಲ ನೋಡುತ್ತ ಮನಸ್ಸಿನಲ್ಲೇ ಒಂದು ತರ್ಕ ಹೂಡಿದಳು. ಅಪ್ಪ ಎಂಥ ಗಂಡನ್ನು ತಂದರೂ ಅವನು ಒಳಗೇ ಬರುತ್ತಾನೆ, ತಾನು ಒಳಗೇ ಉಳಿಯುತ್ತೇನೆ. ಹಾಗಾದರೆ ಒಳಗೆ ಬರಲು ಸಾಧ್ಯವೇ ಇಲ್ಲದ ಗಂಡು ಬೇಕು. ಅಂಥವರು ಊರಾಚೆಯ ಅಮೆರಿಕದ ವಿಮಾನನೆಲೆಯ ತಂತಿಬೇಲಿಯ ಹಿಂದೆ ಸಾಲುಸಾಲಾಗಿ ಓಡಾಡುತ್ತಿದ್ದರು.

ಅವಳು ರೇಡಿಯೋ ಕೇಳಿ ಇಂಗ್ಲಿಷ್ ಕಲಿತಳು. ನೆಲೆಯ ಟೆಲಿಫೋನ್ ಕೋಣೆಯಲ್ಲಿ ತಂತಿ ಕೂಡಿಸುವ ಕೆಲಸ ಸಿಕ್ಕಿತು. ಅಲ್ಲಿ ಪರಿಚಯವಾದವನು ಡೆಲ್ಬರ್ಟ್ ಹೋಲ್ಕಂ, ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಹುಡುಗ, ಅಯೋವಾ ಎಂಬ ಸೀಮೆಯ ರೈತರ ಮನೆಯವನು. ದೊಡ್ಡ ಕಿವಿ, ಕಡಿಮೆ ಮಾತು. ಇಬ್ಬರೂ ಇನಾ ಹೊಳೆಯ ಏರಿಯ ಮೇಲೆ ನಡೆಯುತ್ತಿದ್ದರು. ಅಮೆರಿಕದ ಅಡುಗೆಮನೆ ಹೇಗಿರುತ್ತದೆ, ಕಿಟಕಿಯಿಂದ ಏನು ಕಾಣುತ್ತದೆ ಎಂದು ಅವಳು ಕೆದಕಿ ಕೆದಕಿ ಕೇಳುತ್ತಿದ್ದಳು. "ಜೋಳದ ಹೊಲ ಕಾಣತ್ತೆ" ಎಂದು ಅವನು. "ವಾಸನೆ?" ಎಂದು ಅವಳು. "ವಾಸನೆ ಏನಿಲ್ಲ, ಗಾಳಿ ಅಷ್ಟೇ." ವಾಸನೆಯಿಲ್ಲದ ಗಾಳಿ ಎಂಬ ಮಾತು ಅವಳನ್ನು ವಾರಗಟ್ಟಲೆ ಹಿಡಿದು ಕಾಡಿತು.

ಪ್ರೀತಿಯಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಅವನು ನಕ್ಕರೆ ಅವಳಿಗೂ ನಗು ಬರುತ್ತಿತ್ತು, ಬರದ ದಿನ ಟೆಲಿಫೋನಿನ ತಂತಿ ತಪ್ಪು ತೂತಿಗೆ ಹೋಗುತ್ತಿತ್ತು. ಆದರೆ ಜೋಳದ ಹೊಲವಿಲ್ಲದ ಡೆಲ್ಬರ್ಟನನ್ನು ಅವಳು ಎಂದೂ ಊಹಿಸಿಕೊಂಡಿರಲಿಲ್ಲ. ತನ್ನ ಮನೆ ಯಾವುದು, ಅಪ್ಪ ಏನು ಮಾಡುತ್ತಾನೆ ಎಂಬುದನ್ನೂ ಅವನಿಗೆ ಹೇಳಿರಲಿಲ್ಲ. ಕೇಳಿದರೆ, "ಏನೋ ಒಂದು ವ್ಯಾಪಾರ" ಎಂದು ಮಾತು ಹಾರಿಸುತ್ತಿದ್ದಳು.

ಹಾಗೆಯೇ ಮದುವೆಯಾಗಿ ಹಡಗು ಹತ್ತಿಬಿಡುತ್ತಿದ್ದಳೋ ಏನೋ. ಅಷ್ಟರಲ್ಲಿ ಅಮೆರಿಕದ ಸಿನಿಮಾದವರು ಬಂದರು.

ಬಾಂಬಿಗೆ ಸಿಕ್ಕದೆ ಉಳಿದ ಹಳೆಯ ಹೆಂಚಿನ ಬೀದಿ ಅವರಿಗೆ ಬೇಕಿತ್ತಂತೆ. ಕಥೆ ಗೊತ್ತಿದ್ದದ್ದೇ. ಒಬ್ಬ ಕ್ಯಾಪ್ಟನ್ನು, ಒಬ್ಬಳು ಕಾಗದದ ಛತ್ರಿ ಮಾರುವ ಹುಡುಗಿ, ಅಡ್ಡಬರುವ ಹಿರಿಯರು. ನಾಯಕಿಯೂ ಅಮೆರಿಕದವಳೇ. ದಿನಾ ಬೆಳಿಗ್ಗೆ ಕಣ್ಣಿನ ಕೊನೆಗೆ ಅಂಟು ಹಚ್ಚಿ ಎಳೆದು ಅವಳನ್ನು ನಮ್ಮವಳನ್ನಾಗಿ ಮಾಡುತ್ತಿದ್ದರು. ಮೊರಿಕಾವಾ ಅಂಗಡಿಯ ಮುಂಭಾಗ ಅವರಿಗೆ ಬಹಳ ಹಿಡಿಸಿತು, ಒಳಗಿನ ಸರಕು ಹಿಡಿಸಲಿಲ್ಲ. ಬೀದಿಯವರಿಗೂ ಸಿನಿಮಾದವರಿಗೂ ನಡುವೆ ಮಾತು ತಿಳಿಸುವವರು ಬೇಕೆಂದಾಗ ಕಾನ್ಸುಕೆ ಎದೆಯುಬ್ಬಿಸಿ, "ನನ್ನ ಮಗಳಿಗೆ ಬರತ್ತೆ" ಎಂದ. ಹೀಗೆ ಕಿನುವೆ ನೆಲೆಯಲ್ಲಿ ರಜೆ ಹಾಕಿ ತನ್ನ ಮನೆಯ ಬಾಗಿಲಲ್ಲೇ ನಿಲ್ಲಬೇಕಾಯಿತು.

ದಪ್ಪ ಹೊಟ್ಟೆಯ ಸಹಾಯಕನೊಬ್ಬ ಪೀಪಾಯಿಗಳನ್ನು ನೋಡಿ ಮೂಗು ಮುಚ್ಚಿಕೊಂಡು, "ಇದನ್ನೆಲ್ಲ ಹಿಂದಕ್ಕೆ ಸಾಗಿಸಿ, ಇದು ಛತ್ರಿ ಅಂಗಡಿ ಆಗ್ಬೇಕು" ಎಂದ. "ಉಪ್ಪಿನಕಾಯಿ ಮಾರೋಳಿಗೋಸ್ಕರ ಯಾವ ಕ್ಯಾಪ್ಟನ್ನು ಪದವಿ ಬಿಡ್ತಾನೆ, ನೀನೇ ಹೇಳಮ್ಮ."

"ಏನಂತಾನೆ?" ಎಂದು ಕೇಳಿದ ಕಾನ್ಸುಕೆ.

"ಛತ್ರಿ ಆದ್ರೆ ಬಣ್ಣ ಚೆನ್ನಾಗಿ ಕಾಣತ್ತಂತೆ ಅಪ್ಪ."

"ಛತ್ರಿ ಮೂರು ವರ್ಷ ಇಟ್ರೆ ತೂತು ಬೀಳತ್ತೆ. ನನ್ನ ಕಾಯಿಗೆ ರುಚಿ ಏರತ್ತೆ. ಇರ್ಲಿ ಬಿಡು, ಅವರಿಗೇನು ಗೊತ್ತು" ಎಂದು ಅವನು ಸೊಂಟಕ್ಕೆ ಬಟ್ಟೆ ಬಿಗಿದು ಪೀಪಾಯಿಗೆ ಕೈ ಹಚ್ಚಿದ.

ಜಂಗುಳಿಯಲ್ಲಿ ನಡೆದಾಡಲೆಂದು ನೆಲೆಯಿಂದ ಒಂದು ಲಾರಿ ತುಂಬ ಹುಡುಗರನ್ನು ಕರೆಸಿದ್ದರು. ಅವರಲ್ಲಿ ಡೆಲ್ಬರ್ಟ್ ಇದ್ದ. ಕಿನುವೆಯನ್ನು ಆ ಹೊಸ್ತಿಲಿನಲ್ಲಿ ಕಂಡು ಕೈಯೆತ್ತಿದ. ಅವಳು ನೋಡದವಳಂತೆ ಕತ್ತು ತಿರುಗಿಸಿದಳು. ಅವನ ಕಣ್ಣು ಅವಳನ್ನು ದಾಟಿ ಅಂಗಳದಲ್ಲಿ ಒಬ್ಬನೇ ಕಲ್ಲೆತ್ತುತ್ತಿದ್ದ ಮುದುಕನ ಮೇಲೆ ಬಿತ್ತು. ಹಳ್ಳಿಯ ಹುಡುಗ ಅಲ್ಲವೇ, ನೋಡುತ್ತ ನಿಲ್ಲಲಾಗಲಿಲ್ಲ. ಟೋಪಿ ತೆಗೆದಿಟ್ಟು ಹೋಗಿ ಇನ್ನೊಂದು ಕಡೆ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಪೀಪಾಯಿಗಳೆಲ್ಲ ಹಿತ್ತಲು ಸೇರಿದವು. ಅವನು ಇಲ್ಲದ ಜಂಗುಳಿಯಲ್ಲೇ ಸಿನಿಮಾದವರು ಚಿತ್ರ ತೆಗೆದರು, ಯಾರಿಗೂ ಗೊತ್ತಾಗಲಿಲ್ಲ.

ದುಡಿದವನಿಗೆ ಬರಿ ನೀರು ಕೊಟ್ಟು ಕಳಿಸುವುದುಂಟೇ? ಕಾನ್ಸುಕೆ ಚಹಾ ಇಟ್ಟ, ಜೊತೆಗೆ ಒಂದು ತಟ್ಟೆ ಉಪ್ಪಿನಕಾಯಿ. ಕಿನುವೆ ತಟ್ಟೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಡೆಲ್ಬರ್ಟ್ ಒಂದು ಹೋಳು ತಿಂದ. ಇನ್ನೊಂದು ತಿಂದ. ತಟ್ಟೆ ಖಾಲಿಯಾಯಿತು. ಗಸಿಯ ಅಮಲಿಗೆ ಕಿವಿಗಳು ಕೆಂಪಾದವು. ಆಮೇಲೆ ಪೀಪಾಯಿಯ ಮೇಲಿನ ಕಲ್ಲನ್ನು ಅಂಗೈಯಿಂದ ಸವರುತ್ತ, "ನಮ್ಮಜ್ಜಿ ಎಲೆಕೋಸಿಗೆ ಹೀಗೇ ಕಲ್ಲು ಹೇರಿ ಇಡ್ತಿದ್ಲು. ಅವಳು ಸತ್ತ ಮೇಲೆ ಹೊಲಾನೂ ಹೋಯ್ತು, ಜಾಡಿಗಳನ್ನ ಯಾರೋ ಹೊತ್ಕೊಂಡು ಹೋದ್ರು" ಎಂದ.

ಹೊಲ ಹೋಯಿತು ಎಂಬುದು ಕಿನುವೆಗೂ ಅಂದೇ ತಿಳಿದದ್ದು. ಅಪ್ಪ ಮುಖ ನೋಡುತ್ತ ಕೂತಿದ್ದರಿಂದ ಅವಳು ಅದನ್ನು ಜಪಾನಿಯಲ್ಲಿ ಹೇಳಲೇಬೇಕಾಯಿತು. ಕಾನ್ಸುಕೆ ಒಂದೇ ಪ್ರಶ್ನೆ ಕೇಳಿದ. "ಯುದ್ಧ ಮುಗಿದಾಗ ಇವನು ಎಲ್ಲಿದ್ದ ಕೇಳು."

"ಶಾಲೇಲಿ" ಎಂದ ಡೆಲ್ಬರ್ಟ್. "ಚಡ್ಡಿ ಹಾಕ್ತಿದ್ದೆ."

ಕಾನ್ಸುಕೆ ಒಳಗಿನ ಕೋಣೆಯಲ್ಲಿ ಸತ್ತ ಹಿರಿಯರನ್ನು ಪೂಜಿಸುವ ಪೀಠದ ಕಡೆ ಒಮ್ಮೆ ನೋಡಿದ. ಅಲ್ಲಿ ಯಾಸುಜಿಯ ಪಟವಿತ್ತು. "ಸರಿ ಹಾಗಾದ್ರೆ. ಇನ್ನೊಂದು ತಟ್ಟೆ ತಾ" ಎಂದು ಮಗಳಿಗೆ ಹೇಳಿದ.

ಮುಂದಿನ ಭಾನುವಾರ ಡೆಲ್ಬರ್ಟ್ ಬಂದ. ಅದರ ಮುಂದಿನ ಭಾನುವಾರವೂ ಬಂದ. ಕಿನುವೆ ಹೊಳೆಯ ಏರಿಯ ಮೇಲೆ ಕಾಯುತ್ತಿದ್ದರೆ ಅವನು ಹಿತ್ತಲಲ್ಲಿ ಅವಳ ಅಪ್ಪನ ಜೊತೆ ಮೊಣಕೈವರೆಗೆ ಗಸಿಯಲ್ಲಿ ಮುಳುಗಿರುತ್ತಿದ್ದ. ಅವನು ಕಲಿತ ಜಪಾನಿ ಭಾಷೆಯೂ ಕಾನ್ಸುಕೆಯದೇ, ಅಂದರೆ ಇತಾಮಿಯ ಮುದುಕರದು. ಇಪ್ಪತ್ತೈದು ದಾಟದ ಹುಡುಗ, "ಈ ವರ್ಷ ಯಾಕೋ ಸೊಂಟ ಹಿಡ್ಕೊಂಡುಬಿಟ್ಟಿದೆ ಕಣವ್ವ" ಎಂದು ಇಸೊ ಅತ್ತೆಯ ಹತ್ತಿರ ಹೇಳುವುದನ್ನು ಕೇಳಿ ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನ ಪೂರ್ತಿ ಹೆಸರು ಯಾರ ನಾಲಗೆಗೂ ಹೊರಳದೆ ಎಲ್ಲರಿಗೂ ಅವನು ಡೆರು ಆದ. ಕಿನುವೆ ಮಾತ್ರ ನಗಲಿಲ್ಲ. ಇಲ್ಲಿಂದ ಬೇಗ ಹೊರಡಬೇಕು ಎಂದುಕೊಂಡಳು. ಮದುವೆಗೆ ಅರ್ಜಿ ಹಾಕು ಎಂದು ಅವನ ಹಿಂದೆ ಬಿದ್ದಳು.

ಮದುವೆಗೆ ಸೇನೆಯ ಅಪ್ಪಣೆ ಬೇಕಿತ್ತು. ಅಪ್ಪಣೆ ಕೊಡಬೇಕಾದವನು ಕ್ಯಾಪ್ಟನ್ ಡಗೆಟ್. ಹುಡುಗರನ್ನು ಇಂಥ ಮದುವೆಗಳಿಂದ ಬಿಡಿಸುವುದೂ ಅವನ ಕೆಲಸಗಳಲ್ಲೊಂದು. ಡೆಲ್ಬರ್ಟನಿಗೆ ಬುದ್ಧಿ ಹೇಳಿ ಸೋತ. ಈ ದೇಶದಲ್ಲಿ ತಂದೆಯ ಮಾತೇ ಕೊನೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಹಾಗಿದ್ದರೆ ತಂದೆಯನ್ನೇ ಕಂಡು ಮಗಳನ್ನು ತಡೆಯಿರಿ ಎಂದು ಹೇಳಿಬಿಡೋಣವೆಂದು ಹೊರಟ. ಒಳ್ಳೆಯ ಮನುಷ್ಯ. ಬರಿಗೈಯಲ್ಲಿ ಹೋಗಬಾರದೆಂದು ಒಂದು ಬಾಟಲಿ ವಿಸ್ಕಿ, ಡಬ್ಬಿಯಲ್ಲಿ ಮುಚ್ಚಿದ ಹಂದಿಮಾಂಸ ಹಿಡಿದ. ಮರ್ಯಾದೆಗೆ ಕಡಿಮೆಯಾಗಬಾರದೆಂದು ಪದಕಗಳಿರುವ ಪೂರ್ತಿ ಸಮವಸ್ತ್ರ ತೊಟ್ಟ. ತನಗೆ ಬಿಡುವಿದ್ದ ದಿನ ನೋಡಿಕೊಂಡ. ಆ ದಿನ ಪಂಚಾಂಗದಲ್ಲಿ ಮಹಾ ಶುಭದಿನವೆಂದು ಅವನಿಗೆ ಗೊತ್ತಿರಲಿಲ್ಲ. ಇಸೊ ಅತ್ತೆಗೆ ಗೊತ್ತಿತ್ತು.

ಹುಡುಗನ ಮೇಲಧಿಕಾರಿ ಶುಭದಿನ ನೋಡಿ, ಉಡುಗೆ ತೊಟ್ಟು, ಮದ್ಯವನ್ನೂ ಕೆಡದ ತಿನಿಸನ್ನೂ ಹಿಡಿದು ಹುಡುಗಿಯ ಮನೆಗೆ ಬಂದರೆ ನಮ್ಮಲ್ಲಿ ಅದಕ್ಕೆ ಎರಡನೆಯ ಅರ್ಥವಿಲ್ಲ. ಅದು ನಿಶ್ಚಯದ ಕಾಣಿಕೆ. ಬಂದವನು ಮದುವೆಯ ಮಧ್ಯಸ್ಥ. ಕ್ಯಾಪ್ಟನ್ ಬೂಟು ಬಿಚ್ಚುವಷ್ಟರಲ್ಲಿ ಕಾನ್ಸುಕೆ ಮನೆತನದ ಮುದ್ರೆಯಿರುವ ಕಪ್ಪು ಮೇಲಂಗಿ ಹಾಕಿಕೊಂಡು ಬಂದಿದ್ದ. ಅತ್ತೆ ವಿಸ್ಕಿಯನ್ನೂ ಹಂದಿಮಾಂಸವನ್ನೂ ಮರದ ಮಣೆಯ ಮೇಲಿಟ್ಟು ಪೀಠದ ಮುಂದೆ ಸೇರಿಸಿಬಿಟ್ಟಿದ್ದಳು.

"ಅಪ್ಪ, ಅವರು ಸುಮ್ನೆ ಮಾತಾಡೋಕೆ ಬಂದಿದ್ದಾರೆ ಅಷ್ಟೇ" ಎಂದು ಕಿನುವೆ ಪಿಸುಗುಟ್ಟಿದಳು.

"ಸುಮ್ನೆ ಮಾತಾಡೋಕೆ ಯಾರಾದ್ರೂ ಪದಕ ಹಾಕ್ಕೊಂಡು ಬರ್ತಾರಾ? ನೀನು ಕೂತ್ಕೋ. ನಾವಾಡಿದ್ದನ್ನ ಹೇಳು, ನಿನ್ನ ಮಾತು ಸೇರಿಸ್ಬೇಡ."

ಸೇರಿಸುವ ಉದ್ದೇಶ ಅವಳಿಗೂ ಇರಲಿಲ್ಲ. ಕ್ಯಾಪ್ಟನ್ ಯಾಕೆ ಬಂದಿದ್ದಾನೆಂಬುದು ಅವಳಿಗೆ ಗೊತ್ತು. ಅಪ್ಪನ ಸ್ವಭಾವವೂ ಗೊತ್ತು. ಬೇಡ ಎಂದದ್ದನ್ನು ಬೇಕೆನ್ನುವ ಹಠ ಅವನದು. ಅಮೆರಿಕದವನೊಬ್ಬ ಮನೆಯೊಳಗೆ ಕೂತು 'ನಿನ್ನ ಮಗಳು ನಮ್ಮ ಹುಡುಗನಿಗೆ ಬೇಡ' ಎಂದರೆ ಸಿಟ್ಟಿಗಾದರೂ ಮಗಳನ್ನು ಹಡಗು ಹತ್ತಿಸುತ್ತಾನೆ ಎಂದು ಅವಳ ನಂಬಿಕೆ. ಆದ್ದರಿಂದ ಒಂದು ಮಾತನ್ನೂ ತಿರುಚದೆ ಹೇಳುವುದೆಂದು ನಿರ್ಧರಿಸಿದ್ದಳು.

"ನೇರವಾಗಿ ಹೇಳ್ಬಿಡ್ತೀನಿ" ಎಂದು ಕ್ಯಾಪ್ಟನ್ ಶುರು ಮಾಡಿದ. "ಹೋಲ್ಕಂ ಕೆಟ್ಟವನಲ್ಲ. ಆದ್ರೆ ಹೆಚ್ಚು ಓದಿಲ್ಲ, ಆಸ್ತಿ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ನಿಮ್ಮಂಥ ಹಳೇ ಮನೆತನಕ್ಕೆ ತಕ್ಕವನಲ್ಲ."

ಕಿನುವೆ ಅಕ್ಷರ ಬಿಡದೆ ಹೇಳಿದಳು. ಕಾನ್ಸುಕೆ ಅಕ್ಕನ ಮುಖ ನೋಡಿದ. ಇಬ್ಬರ ಕಣ್ಣಿನಲ್ಲೂ ಮೆಚ್ಚುಗೆ. ತನ್ನ ಕಡೆಯ ಹುಡುಗನನ್ನು ಹೀಗೆ ಹೀಗಳೆಯುವುದೇ ಮಧ್ಯಸ್ಥನ ಮರ್ಯಾದೆ. ಹೊಗಳುವವನನ್ನು ಕಂಡರೆ ನಮ್ಮ ಜನಕ್ಕೆ ಅನುಮಾನ. ಈ ಕೆಂಪು ಮುಖದವನಿಗೆ ಇಷ್ಟು ಸಂಸ್ಕಾರ ಎಲ್ಲಿಂದ ಬಂತು ಎಂದು ಇಸೊ ಅತ್ತೆ ಬೆರಗಾದಳು.

ಕಾನ್ಸುಕೆ ಚಾಪೆಗೆ ಹಣೆ ಮುಟ್ಟುವಷ್ಟು ಬಾಗಿದ. "ಎಂಥ ಮಾತು. ನಮ್ಮ ಹುಡುಗೀಗೇ ಏನೂ ಬರಲ್ಲ. ಅನ್ನ ಇಟ್ರೆ ತಳ ಹಿಡಿಸ್ತಾಳೆ. ಬಾಯಿ ಬೇರೆ ಜೋರು. ಇವಳನ್ನ ಕಟ್ಕೊಂಡ್ರೆ ನಿಮ್ಮ ಹುಡುಗನಿಗೇ ಅನ್ಯಾಯ."

ಇದನ್ನೂ ಅವಳೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು, ತನ್ನ ಬಾಯಿಂದಲೇ, ತಲೆ ತಗ್ಗಿಸಿಕೊಂಡು. ಕ್ಯಾಪ್ಟನ್ನನಿಗೆ ಆಶ್ಚರ್ಯವಾಯಿತು. ಮುದುಕ ಜಗಳಕ್ಕೆ ಬೀಳುತ್ತಾನೆಂದುಕೊಂಡಿದ್ದರೆ ಮೊದಲ ಮಾತಿಗೇ ದಾರಿಗೆ ಬರುತ್ತಿದ್ದಾನೆ. ಅವನಿಗೆ ಹುರುಪು ಬಂತು.

"ಅಲ್ಲಿ ಹೋದ್ರೆ ಇವಳಿಗೆ ಕಷ್ಟ" ಎಂದು ಮುಂದುವರಿಸಿದ. "ಜನ ನೋಡೋ ರೀತಿನೇ ಬೇರೆ. ಬಾಡಿಗೆಗೆ ಮನೆ ಸಿಗಲ್ಲ, ಮಾತಾಡೋಕೆ ಯಾರೂ ಇರಲ್ಲ. ಹೆಣ್ಣುಮಗಳು ತನ್ನ ಊರಲ್ಲಿ, ತಂದೆ ಜೊತೆ ಇರೋದೇ ಒಳ್ಳೇದು. ನೀವೂ ಅದನ್ನೇ ಬಯಸ್ತೀರ ಅಂತ ನನ್ನ ನಂಬಿಕೆ."

ಕಿನುವೆಯ ನಾಲಗೆ ಒಂದು ಕ್ಷಣ ತಡೆಯಿತು. "ಏನಂತಾರೆ?" ಎಂದು ಕಾನ್ಸುಕೆ ಅವಸರಪಡಿಸಿದ. ಅವಳು ಹೇಳಿದಳು. ಹೇಳಿ ಮುಗಿಸುವ ಮೊದಲೇ ಏನಾಯಿತೆಂದು ಅವಳಿಗೆ ಅರ್ಥವಾಗಿತ್ತು.

ಕಾನ್ಸುಕೆಯ ಕಣ್ಣು ತುಂಬಿ ಬಂತು. "ಕೇಳಿದ್ಯಾ ಅಕ್ಕ? ಹುಡುಗೀನ ಕರ್ಕೊಂಡು ಹೋಗಲ್ವಂತೆ. ಹುಡುಗನ್ನ ನಮ್ಮನೆಗೇ ಬಿಟ್ಟುಕೊಡ್ತಾರೆ. ನಾನು ಬಾಯಿಬಿಟ್ಟು ಕೇಳೋಕೆ ಹೆದರ್ತಿದ್ದದ್ದನ್ನ ಅವರೇ ಹೇಳಿದ್ರು."

ಅವಳು ಅಲ್ಲೇ ತಿದ್ದಬಹುದಿತ್ತು. 'ಅಪ್ಪ, ಇವರು ಬಂದಿರುವುದು ಮದುವೆ ತಪ್ಪಿಸಲು' ಎಂದುಬಿಟ್ಟರೆ ಆಯಿತು. ಆಗ ಪೀಠದ ಮುಂದಿನ ಕಾಣಿಕೆ ವಾಪಸು ಹೋಗುತ್ತದೆ, ಬೀದಿಯೆಲ್ಲ ನೋಡುತ್ತಿರುವಾಗ ಅಪ್ಪನ ಮರ್ಯಾದೆ ಮಣ್ಣುಪಾಲಾಗುತ್ತದೆ, ಡೆಲ್ಬರ್ಟನೂ ಹೋಗುತ್ತಾನೆ. ತಿದ್ದದಿದ್ದರೆ ಡೆಲ್ಬರ್ಟ್ ಉಳಿಯುತ್ತಾನೆ, ಅಮೆರಿಕ ಹೋಗುತ್ತದೆ. ಎತ್ತ ಹೋದರೂ ಹಡಗು ತಪ್ಪಿತು. ಒಂದು ಆಸೆ ಮಾತ್ರ ಉಳಿದಿತ್ತು. ಅಮೆರಿಕದವನು ಯಾವನಾದರೂ ಮನೆಯಳಿಯನಾಗಲು ಒಪ್ಪುತ್ತಾನೆಯೇ? ಡೆಲ್ಬರ್ಟ್ ಆಗುವುದಿಲ್ಲ ಎಂದರೆ ಅಪ್ಪ ಇಷ್ಟು ಮುಂದೆ ಬಂದ ಮೇಲೆ ಹಿಂದೆ ಸರಿಯಲಾರದೆ ಮಗಳನ್ನು ಕಳಿಸಿಕೊಟ್ಟಾನು. ಅವಳು ಬಾಯಿ ಮುಚ್ಚಿಕೊಂಡಳು.

"ಇವಳು ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ. ಇದು ನನ್ನ ಮಾತು" ಎಂದು ಕಾನ್ಸುಕೆ ಎದೆ ಮುಟ್ಟಿಕೊಂಡು ಹೇಳಿದ. ಕ್ಯಾಪ್ಟನ್ ಅದನ್ನು ಕೇಳಿ ನಿರಾಳವಾಗಿ ಉಸಿರು ಬಿಟ್ಟು ಕೈ ಚಾಚಿದ. ಇಬ್ಬರೂ ಒಬ್ಬರ ಕೈ ಒಬ್ಬರು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅಷ್ಟು ಒಮ್ಮತ ಎರಡು ದೇಶಗಳ ನಡುವೆ ಆಮೇಲೆ ಆದದ್ದನ್ನು ನಾನು ಕಂಡಿಲ್ಲ. ಹೊರಡುವಾಗ ಕ್ಯಾಪ್ಟನ್ನನಿಗೆ ಒಂದು ಪುಟ್ಟ ಪೀಪಾಯಿ ಉಪ್ಪಿನಕಾಯಿ ಹೊರಿಸಿ ಕಳಿಸಿದರು. ಹುಡುಗಿ ಜಪಾನು ಬಿಡುವುದಿಲ್ಲವೆಂದು ತಂದೆ ಮಾತು ಕೊಟ್ಟಿದ್ದಾನೆಂದು ಅವನು ಮೇಲಿನವರಿಗೆ ತಿಳಿಸಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮರುದಿನ ಕಿನುವೆ ಹೊಳೆಯ ಏರಿಯ ಮೇಲೆ ಡೆಲ್ಬರ್ಟನನ್ನು ನಿಲ್ಲಿಸಿ ಹೇಳಿದಳು. "ಅಪ್ಪ ನಿನ್ನ ಮನೆಯಳಿಯ ಆಗು ಅಂತಾನೆ. ಇಲ್ಲೇ ಇರ್ಬೇಕು. ಜೀವನ ಪೂರ್ತಿ ಗಸಿಯಲ್ಲಿ ಕೈ ಇಡ್ಬೇಕು. ಅವನನ್ನ ಅಪ್ಪ ಅನ್ಬೇಕು. ನಿನಗೆ ಇದೆಲ್ಲ ಎಲ್ಲಿ ಆಗತ್ತೆ. ಆಗಲ್ಲ ಅಂತ ಹೇಳ್ಬಿಡು, ನಾನೇನೂ ತಪ್ಪು ತಿಳ್ಕೊಳ್ಳಲ್ಲ."

ಡೆಲ್ಬರ್ಟ್ ಹೊಳೆಯ ಕಡೆ ತಿರುಗಿ ನಿಂತ. ಅವನ ಬೆನ್ನು ನೋಡಿ ಅವಳಿಗೆ ಗೆದ್ದೆ ಎನ್ನಿಸಿತು. ಅವನು ಈ ಕಡೆ ತಿರುಗಿದಾಗ ಮುಖವೆಲ್ಲ ಒದ್ದೆಯಾಗಿತ್ತು.

"ನನ್ನನ್ನ ಇದುವರೆಗೂ ಯಾರೂ 'ಇರು' ಅಂತ ಕೇಳಿರ್ಲಿಲ್ಲ ಕಿನು" ಎಂದ.

ಅವಳು ಅವನ ಕಣ್ಣು ಒರೆಸಿದಳು. ಬೇರೆ ಯಾವ ಹೆಣ್ಣಾದರೂ ಅದನ್ನೇ ಮಾಡುತ್ತಿದ್ದಳು.

ಡೆಲ್ಬರ್ಟ್ ತನ್ನ ಅವಧಿ ಮುಗಿಯುತ್ತಲೇ ಸೇನೆಯನ್ನೇ ಬಿಟ್ಟು ಇಲ್ಲೇ ಉಳಿಯುತ್ತೇನೆಂದು ಹೋಗಿ ನಿಂತಾಗ ಕ್ಯಾಪ್ಟನ್ ಡಗೆಟ್ ಅವನ ಅರ್ಜಿಯನ್ನು ಎರಡೆರಡು ಸಲ ಓದಿದನಂತೆ. ಸೇನೆ ಬಿಟ್ಟವನ ಮದುವೆ ತಡೆಯುವುದು ಅವನ ಕೆಲಸವಾಗಿರಲಿಲ್ಲ. ಹೆಂಚಿನ ಮೇಲೆ ಮೊದಲ ಇಬ್ಬನಿ ಬೀಳುವ ಹೊತ್ತಿಗೆ ಮದುವೆಯಾಯಿತು. ಮಧ್ಯಸ್ಥನ ಜಾಗದಲ್ಲಿ ಅವನನ್ನೇ ಕೂರಿಸಿದರು. ಮಂಡಿಯೂರಿ ಕೂತು ಕಾಲು ಜೋಮು ಹಿಡಿದು ಏಳಲಾಗದೆ ಇಬ್ಬರು ಎತ್ತಬೇಕಾಯಿತು.

ಕಿನುವೆಗೆ ಇನ್ನೊಂದು ಪೆಟ್ಟು ಪುರಸಭೆಯಲ್ಲಿ ಬಿತ್ತು. ಹೋಲ್ಕಂ ಕಿನುವೆ ಎಂದು ಬರೆಯಲು ಎಷ್ಟೋ ದಿನದಿಂದ ಅಭ್ಯಾಸ ಮಾಡಿಕೊಂಡಿದ್ದಳು. ಅಲ್ಲಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಪರದೇಶದವರನ್ನ ಮಾಡ್ಕೊಂಡ್ರೆ ಹೆಣ್ಣಿನ ಮನೆಹೆಸರು ಬದಲಾಗಲ್ಲಮ್ಮ. ನೀವು ನಿಮ್ಮ ತಂದೆ ದಾಖಲೇಲೇ ಇರ್ತೀರಿ" ಎಂದ. ಹೆಸರು ಉಳಿಸಲೆಂದು ಅಪ್ಪ ಇಷ್ಟು ವರ್ಷ ಅಳಿಯನನ್ನು ಹುಡುಕಿದ್ದ. ಯಾರೋ ಒಬ್ಬ ಜಪಾನಿಯನ್ನು ಕಟ್ಟಿಕೊಂಡಿದ್ದರೆ ಆ ಹೆಸರು ಕಳಚಿಕೊಳ್ಳುವ ದಾರಿಯಾದರೂ ಇರುತ್ತಿತ್ತು.

ಮಧ್ಯಸ್ಥನಿಗೆ ವರ್ಷದ ಕೊನೆಗೆ ಕಾಣಿಕೆ ಕಳಿಸುವುದು ದಂಪತಿಗಳು ಜೀವವಿರುವವರೆಗೆ ಬಿಡಬಾರದ ಕಟ್ಟಳೆ. ಕ್ಯಾಪ್ಟನ್ ವರ್ಗವಾಗಿ ಊರಿಗೆ ಮರಳಿದ ಮೇಲೂ ಅದು ತಪ್ಪಲಿಲ್ಲ. ಒಂದು ಪುಟ್ಟ ಪೀಪಾಯಿಗೆ ಹುಲ್ಲಿನ ಹಗ್ಗ ಬಿಗಿದು, ವಿಳಾಸ ಬರೆದು, ಹಡಗಿಗೆ ಕಳಿಸುವುದು ಕಿನುವೆಯ ಕೆಲಸ. ಇಂಗ್ಲಿಷ್ ಬರೆಯಲು ಬರುತ್ತಿದ್ದವಳು ಅವಳೊಬ್ಬಳೇ. ಹೀಗೆ ಮೊರಿಕಾವಾ ಮನೆಯಿಂದ ಅಮೆರಿಕಕ್ಕೆ ಹೋದದ್ದು ಸೌತೆಕಾಯಿ ಮಾತ್ರ.

ಮದುವೆಯಾದ ಮರುವರ್ಷದ ಚಳಿಗಾಲದಲ್ಲಿ ಆ ಸಿನಿಮಾ ನಮ್ಮೂರ ಟಾಕೀಸಿಗೆ ಬಂತು. ಬೀದಿಗೆ ಬೀದಿಯೇ ಮಧ್ಯಾಹ್ನದ ಆಟಕ್ಕೆ ಹೋಯಿತು. ಮೊರಿಕಾವಾ ಅಂಗಡಿ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ತಮ್ಮ ಅಂಗಡಿಯೆಂದು ಒಪ್ಪಿಕೊಳ್ಳಲು ಕಾನ್ಸುಕೆಗೆ ಸ್ವಲ್ಪ ಹೊತ್ತು ಹಿಡಿಯಿತು. "ಇಷ್ಟು ಚೊಕ್ಕಟವಾಗಿದ್ರೆ ವ್ಯಾಪಾರ ಆದ ಹಾಗೇ" ಎಂದ. ಕೊನೆಗೆ ಸಿನಿಮಾದ ಕ್ಯಾಪ್ಟನ್ನು ಎಲ್ಲರನ್ನೂ ಎದುರುಹಾಕಿಕೊಂಡು ಛತ್ರಿಯ ಹುಡುಗಿಯ ಕೈ ಹಿಡಿದು ಹಡಗು ಹತ್ತಿದ. ಬಣ್ಣದ ಪಟ್ಟಿಗಳು ಹರಿದವು. ಅಂಟು ಹಚ್ಚಿದ ಕಣ್ಣುಗಳಲ್ಲಿ ನೀರು ತುಂಬಿಕೊಂಡು ನಾಯಕಿ ತನ್ನ ಊರಿಗೇ ಹೊರಟಳು.

ಇಸೊ ಅತ್ತೆ ಬಿಕ್ಕತೊಡಗಿದಳು. "ಪಾಪ, ಯಾರ ಮನೆ ಮಗಳೋ. ಅಷ್ಟು ದೂರ ತಳ್ಳಿಬಿಟ್ರಲ್ಲ." ಕಾನ್ಸುಕೆಯೂ ಮೂಗು ಸೀಟುತ್ತ, "ನಮ್ಮ ಪುಣ್ಯ ಅಕ್ಕ, ನಮ್ಮ ಕಿನು ಕಣ್ಣೆದುರಿಗೇ ಇದ್ದಾಳೆ" ಎಂದ. ಕಿನುವೆ ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದಳು. ಬೆನ್ನು ಅದುರುವಷ್ಟು ಅತ್ತಳು. ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿ, ಪಕ್ಕದಲ್ಲೇ ಕೂತ ದೊಡ್ಡ ಕಿವಿಯವನನ್ನೂ ನೋಡಿ, ಹೊಂದಿಕೊಂಡ ಜೋಡಿ ಎಂದು ಮೆಚ್ಚಿಕೊಂಡರು.

ಮನೆಗೆ ಹಿಂತಿರುಗುವಾಗ ಅಪ್ಪ ಮತ್ತು ಅತ್ತೆ ಮುಂದೆ ಹೋಗುತ್ತಿದ್ದರು. ಸಂಜೆ ಬಿಸಿಲು ಇನ್ನೂ ಇತ್ತು. ಭಟ್ಟಿಗಳ ಓಣಿಯಲ್ಲಿ ಕಿನುವೆ ನಿಂತುಬಿಟ್ಟಳು. ಇಬ್ಬರೇ ಇದ್ದಾಗ ಅವರ ಮಾತು ಈಗಲೂ ಇಂಗ್ಲಿಷಿನಲ್ಲೇ.

"ನಾನು ಆ ಹಡಗು ಹತ್ಬೇಕು ಅಂತಲೇ ಮೊದಲು ನಿನ್ನ ಮಾತಾಡಿಸಿದ್ದು" ಎಂದಳು. "ಈ ಮನೆಯಿಂದ ತಪ್ಪಿಸ್ಕೊಂಡು ಹೋಗ್ಬೇಕಿತ್ತು. ನೀನು ಬಂದು ಒಳಗೆ ಕೂತ್ಕೊಂಡೆ."

ಡೆಲ್ಬರ್ಟ್ ಗೋಡೆಗೆ ಒರಗಿ ನೆಲ ನೋಡುತ್ತ ನಿಂತ. ಅವನ ಉಗುರುಗಳ ಸಂದಿಯಲ್ಲಿ ಗಸಿ ಒಣಗಿತ್ತು.

"ನನಗೆ ಗೊತ್ತಿತ್ತು" ಎಂದ. "ಆವತ್ತು ಹೊಳೆ ಹತ್ರ ಆಗಲ್ಲ ಅನ್ನು ಅಂತ ನೀನು ಬೇಡ್ಕೋತಾ ಇದ್ದೆ. ಅದು ನನಗೆ ಆವತ್ತೇ ಗೊತ್ತಾಯ್ತು. ಗೊತ್ತಾಗದವನ ಹಾಗೆ ಇದ್ದೆ. ನನಗೂ ಒಂದು ಮನೆ ಬೇಕಿತ್ತು ಕಿನು."

ಅವಳಿಗೆ ಕಪಾಳಕ್ಕೆ ಹೊಡೆಯಬೇಕೆನ್ನಿಸುವಷ್ಟು ಸಿಟ್ಟು ಬಂತು. ಅದೇ ಹೊತ್ತಿಗೆ, ಇಷ್ಟು ದಿನ ತನ್ನ ಪಕ್ಕದಲ್ಲಿ ಮಲಗುತ್ತಿದ್ದವನು ಇದನ್ನು ಹೊತ್ತುಕೊಂಡೇ ಮಲಗುತ್ತಿದ್ದನಲ್ಲ ಎಂದೂ ಅನ್ನಿಸಿತು.

"ಈಗ ಹೋಗೋಣ" ಎಂದ ಅವನು. ಸುಮ್ಮನೆ ಹೇಳಿದ ಮಾತಲ್ಲ, ಅವನ ಮುಖ ಬಿಳಿಚಿಕೊಂಡಿತ್ತು. "ನಿಜವಾಗ್ಲೂ ಹೇಳ್ತಿದ್ದೀನಿ. ಅಲ್ಲಿ ಎಂಜಿನ್ ಕೆಲಸ ಸಿಗತ್ತೆ. ಅಪ್ಪನಿಗೆ ನಾನೇ ಹೇಳ್ತೀನಿ. ನೀನು ಹೂಂ ಅನ್ನು, ಸಾಕು."

ಇದೇ ಮಾತಿಗೆ ಅವಳು ಟೆಲಿಫೋನ್ ಕೋಣೆಯಲ್ಲಿ, ಹೊಳೆಯ ಏರಿಯ ಮೇಲೆ ಕಾದದ್ದು. ಅವಳು ಬಾಯಿ ತೆರೆದಳು.

"ಈ ವರ್ಷ ಹೇಗೆ ಆಗತ್ತೆ?" ಎಂದಳು. "ಹೋದ ವರ್ಷದ ಕಾಯಿಗೆ ಹೊಸ ಗಸಿ ಹಾಕೋದಿದೆ."

"ಅದಾದ ಮೇಲೆ?"

"ಅದಾದ ಮೇಲೆ ಬೇಸಿಗೆ ಸೌತೆ ಬಂದುಬಿಡತ್ತೆ. ಅಪ್ಪನಿಂದ ಕಲ್ಲೆತ್ತೋಕೆ ಎಲ್ಲಿ ಆಗತ್ತೆ ಈಗ."

ಹೇಳಿದ ಮೇಲೆ ತಾನು ಹೇಳಿದ್ದು ಅವಳಿಗೆ ಕೇಳಿಸಿತು. ಡೆಲ್ಬರ್ಟ್ ಅವಳ ಮುಖವನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕಾದ. ಓಣಿಯ ಕೊನೆಯಿಂದ ಕಾನ್ಸುಕೆ, "ಬರ್ತೀರೋ ಇಲ್ವೋ, ನನ್ನ ಕಾಲು ಸೋತು ಹೋಗ್ತಿದೆ" ಎಂದು ಕೂಗಿದ. ಇಬ್ಬರೂ ನಡೆದರು.

ಈ ಸಲ ತಡೆದವನು ಅಪ್ಪನಲ್ಲ, ಕ್ಯಾಪ್ಟನ್ನೂ ಅಲ್ಲ. ಬೈಯಲು ಯಾರೂ ಸಿಗದೆ, ಟಾಕೀಸಿನಲ್ಲಿ ಅಷ್ಟು ಅತ್ತವಳಿಗೆ ಮನೆ ಸೇರುವವರೆಗೂ ಒಂದು ಹನಿ ಕಣ್ಣೀರು ಬರಲಿಲ್ಲ.